ದಿನಕ್ಕೆ ಎರಡಾಣೆ

1925ರಲ್ಲಿ ಉಡುಪಿಯ ಸುತ್ತಮುತ್ತ ಕೈಮಗ್ಗದವರು ಮುಗ್ಗಟ್ಟಿಗೆ ಸಿಕ್ಕಿದ್ದು ಸೋಮಾರಿತನದಿಂದಲ್ಲ. ಬೆಳಗಿನಿಂದ ಕತ್ತಲಾಗುವ ತನಕ ಮಗ್ಗದ ಮುಂದೆ ಕೂತು ದುಡಿದರೂ ಕೈಯಲ್ಲಿ ಬಂಡವಾಳ ನಿಲ್ಲುತ್ತಿರಲಿಲ್ಲ. ಅವರಿಗೆ ನೆರವಾಗಲೆಂದು ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಹಾಕಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಯವಾದದ್ದು ಇದೇ ಸಂಸ್ಥೆ. ಉದ್ಯಮ ಕಟ್ಟಲು ಛಲ ಬೇಕು, ಮೈಮುರಿದು ದುಡಿಯಬೇಕು ಎಂದು ನಾವು ಹೇಳುತ್ತಲೇ ಇರುತ್ತೇವೆ. ಈ ಬ್ಯಾಂಕ್ ಬೆಳೆದ ಬಗೆ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ ಅನಿಸುತ್ತದೆ. ಮೈಮುರಿದು ದುಡಿಯುವವರು ಎಲ್ಲ ಊರಲ್ಲೂ ಇದ್ದಾರೆ. ಇವತ್ತಿನ ದುಡಿಮೆ ನಾಳೆಯದರ ಜೊತೆ ಕೂಡಿಕೊಳ್ಳುವಂಥ ಏರ್ಪಾಡು ಮಾಡಿಕೊಂಡವರ ಉದ್ಯಮ ಮಾತ್ರ ಬೇರು ಬಿಡುತ್ತದೆ.

ಸಿಂಡಿಕೇಟ್ ಮಾಡಿಕೊಂಡ ಏರ್ಪಾಡಿನ ಹೆಸರು ಪಿಗ್ಮಿ. 1928ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬ್ಯಾಂಕಿನ ಕಡೆಯವರೇ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರುತ್ತಿದ್ದರು. ಲೆಕ್ಕ ಹಾಕಿ ನೋಡಿ. ರೂಪಾಯಿಗೆ 16 ಆಣೆಯ ಕಾಲ. ದಿನಕ್ಕೆ ಎರಡಾಣೆಯಂತೆ ಒಂದು ದಿನವೂ ತಪ್ಪಿಸದೆ ಕಟ್ಟಿದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಹೀಗೆ ಕಟ್ಟುವವರು 176 ಮಂದಿ ಸಿಕ್ಕರೆ ಸಾಕು, ಒಂದೇ ವರ್ಷದಲ್ಲಿ ಕೂಡುವ ಹಣ ಬ್ಯಾಂಕಿನ ಮೂಲ ಬಂಡವಾಳವನ್ನು ಮೀರುತ್ತದೆ. ಹನಿಗೂಡಿದರೆ ಹಳ್ಳ ಎಂಬುದು ಎಲ್ಲರಿಗೂ ಗೊತ್ತು. ಆ ಹನಿಯನ್ನು ಹಿಡಿಯಲು ದಿನವೂ ಬೊಗಸೆ ಒಡ್ಡಿ ನಿಲ್ಲುವವರು ಬೇಕಲ್ಲ! ಸಂಜೆ ವ್ಯಾಪಾರ ಮುಗಿಯುವ ಹೊತ್ತಿಗೆ ಬಂದು, ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸಿ, ಪುಸ್ತಕದಲ್ಲಿ ಬರೆದು, ಪಕ್ಕದ ಅಂಗಡಿಗೆ ನಡೆಯುವುದು. ನಾಳೆ ಮತ್ತೆ ಅದೇ ಅಂಗಡಿ, ಅದೇ ಎರಡಾಣೆ. ಮಳೆಗಾಲದ ಕರಾವಳಿಯಲ್ಲಿ ಇದು ಎಂಥ ದುಡಿಮೆ ಎಂಬುದನ್ನು ಅಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಿನ ಮಹತ್ವಾಕಾಂಕ್ಷೆಯ ನಿಜವಾದ ಅಳತೆ ನನಗೆ ಕಾಣುವುದು ಇಲ್ಲೇ. ಉಳಿದವರು ಲೆಕ್ಕಕ್ಕೇ ಇಡದ ಹಣವನ್ನು ಅದು ಹಣವೆಂದು ಗೌರವಿಸಿತು.

ಎರಡಾಣೆ ತರಲು ಒಬ್ಬ ಮನುಷ್ಯನನ್ನು ಕಳಿಸುವುದು ದಂಡದ ಖರ್ಚಲ್ಲವೇ ಎಂದು ಲೆಕ್ಕ ಬಲ್ಲವರು ಕೇಳಬಹುದು. ಒಂದೊಂದೇ ಖಾತೆ ಹಿಡಿದು ನೋಡಿದರೆ ಹೌದು. ಆದರೆ ಒಂದು ಬೀದಿಯ 50 ಅಂಗಡಿಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಆ ಖರ್ಚು 50 ಪಾಲಾಗುತ್ತದೆ. ಅದಕ್ಕಿಂತ ಹೆಚ್ಚಿನದು, ದಿನವೂ ಬಾಗಿಲಿಗೆ ಹೋಗುವವನಿಗೆ ಯಾರ ವ್ಯಾಪಾರ ಕುದುರುತ್ತಿದೆ, ಯಾರದು ಕುಸಿಯುತ್ತಿದೆ, ಯಾರು ಮಾತಿಗೆ ತಪ್ಪುವುದಿಲ್ಲ ಎಂಬುದು ಕೇಳದೆಯೇ ತಿಳಿಯುತ್ತದೆ. ಅಡವಿಡಲು ಚಿನ್ನವೋ ಜಮೀನೋ ಇಲ್ಲದ ಸಣ್ಣ ವ್ಯಾಪಾರಿಗೆ ಸಾಲ ಕೊಡುವಾಗ ಇದಕ್ಕಿಂತ ಒಳ್ಳೆಯ ಆಧಾರ ಯಾವುದಿದೆ? ದಿನದ ಈ ಭೇಟಿ ಠೇವಣಿದಾರರ ನಂಬಿಕೆಯನ್ನೂ ಗಳಿಸುತ್ತದೆ. ಆ ನಂಬಿಕೆ ಹೋದರೆ ಗಾತ್ರವೂ ಕಾಯುವುದಿಲ್ಲ. ಆ ಕಾಲಕ್ಕೆ ದೊಡ್ಡದೆನಿಸಿದ್ದ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ 1938ರಲ್ಲಿ ಬಾಗಿಲು ಹಾಕಿತು. ಅದರ ಪತನಕ್ಕೆ ರಾಜಕೀಯದ ಕಾರಣಗಳೂ ಇದ್ದವು, ನಿಜ. ಆದರೂ ಜನ ಹಣಕ್ಕಾಗಿ ಮುಗಿಬಿದ್ದಾಗ ಅದಕ್ಕೆ ತಡೆದುಕೊಳ್ಳಲಾಗಲಿಲ್ಲ.

ಸ್ಥಾಪಕರಿಗೆ ಕುಲದ ನಂಟು, ವ್ಯಾಪಾರದ ಅನುಭವ, ಓದು ಎಲ್ಲವೂ ಇತ್ತು, ಬರಿಗೈಯಿಂದ ಬಂದವರೇನಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದನ್ನು ಒಪ್ಪಲೇಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಹೀಗೆ 1969 ಮತ್ತು 1980ರಲ್ಲಿ ರಾಷ್ಟ್ರೀಕರಣಗೊಂಡ ನಾಲ್ಕು ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡ ಒಂದರಲ್ಲೇ ಹುಟ್ಟಿದವು. ನೆಲದ ಗುಣವಿಲ್ಲದೆ ಇಷ್ಟು ಬೆಳೆ ಬರುವುದಿಲ್ಲ. ಆದರೆ ನಂಟು ನೆರವಾಗುವುದು ಮೊದಲ ನೂರು ಖಾತೆಗೆ. ಜಾತಿ, ಬೀದಿ ನೋಡದೆ ಎಲ್ಲರ ಎರಡಾಣೆಗೂ ಕೈಯೊಡ್ಡಿದಾಗ ಮಾತ್ರ ಬ್ಯಾಂಕು ಊರಿನದಾಗುತ್ತದೆ.

ನನ್ನ ನಿಜವಾದ ತಕರಾರು ಬೇರೆಯದು. ಇಂಥ ಕಥೆಗಳಲ್ಲಿ ಸ್ಥಾಪಕರ ಹೆಸರು ಉಳಿಯುತ್ತದೆ, ನಡೆದವರದು ಉಳಿಯುವುದಿಲ್ಲ. ಪಿಗ್ಮಿ ಸಂಗ್ರಾಹಕರು ಕಮಿಷನ್ ಮೇಲೆ ದುಡಿದವರು. ಬ್ಯಾಂಕಿನ ಸಿಬ್ಬಂದಿಯ ಸಂಬಳ, ಭತ್ಯೆ ಅವರಿಗಿರಲಿಲ್ಲ. ಅವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂಬುದು ವರ್ಷಗಟ್ಟಲೆ ನಡೆದ ವ್ಯಾಜ್ಯದ ನಂತರ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಒಂದು ಉದ್ಯಮದ ಪರಿಶ್ರಮವನ್ನು ಕೊಂಡಾಡುವವರು ಈ ತೀರ್ಪನ್ನೂ ಆ ಉದ್ಯಮದ ಚರಿತ್ರೆಯ ಭಾಗವಾಗಿ ಓದಬೇಕು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಅದರ ಫಲಕ ಇಳಿಯಿತು. ಪಿಗ್ಮಿ ಕಟ್ಟುವ ರೂಢಿ ನಮ್ಮ ಪೇಟೆಗಳ ಸಹಕಾರ ಸಂಘಗಳಲ್ಲಿ ಇವತ್ತಿಗೂ ಇದೆ.