ಗಾಜಿನ ತೊಟ್ಟಿಯ ಗಪ್ಪಿಮರಿಗಳು

ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಮೀನನ್ನು ಅಂಡಜಗಳ ಸಾಲಿಗೆ ಸೇರಿಸಿ ಬಹುಕಾಲ ಪಾಠ ಹೇಳಿದವರು ನಾವು. ಅಂತಹ ನಮ್ಮ ಕಣ್ಣೆದುರಿಗೇ ಮೀನೊಂದು ಮರಿ ಹಾಕಿದಾಗ ಆದ ವಿಸ್ಮಯ ಅಷ್ಟಿಷ್ಟಲ್ಲ. ವಿಚಾರಿಸಿ ನೋಡಿದರೆ ಶಾಸ್ತ್ರಕಾರರಿಗೆ ಸೋಲೇನೂ ಆಗಿರಲಿಲ್ಲ. ಈ ಮೀನಿನ ಮೊಟ್ಟೆ ತಾಯಿಯ ಒಡಲಲ್ಲಿಯೇ ಬಲಿತು ಒಡೆಯುವುದರಿಂದ ಈಜಬಲ್ಲ ಮರಿಯೇ ಹೊರಬೀಳುತ್ತದೆ, ಅಷ್ಟೆ.

ಇದರ ಹೆಸರು ಗಪ್ಪಿ. ತವರು ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪ. ಆ ದ್ವೀಪದಿಂದ ಲಂಡನ್ನಿಗೆ ಇದನ್ನು ಕಳುಹಿಸಿದ ಲೆಚ್ಮಿಯರ್ ಗಪ್ಪಿ ಎಂಬವರ ಹೆಸರನ್ನು ೧೮೬೬ರಲ್ಲಿ ಇದಕ್ಕೆ ಇಟ್ಟರು. ಜರ್ಮನಿಯ ಪೀಟರ್ಸ್ ಪಂಡಿತರು ೧೮೫೯ರಲ್ಲಿಯೇ ಇದನ್ನು ವರ್ಣಿಸಿದ್ದುದರಿಂದ ಶಾಸ್ತ್ರೀಯ ನಾಮ ಬೇರೆಯಾಯಿತು. ಜನರ ನಾಲಗೆಯ ಮೇಲೆ ಮಾತ್ರ ಗಪ್ಪಿಯೇ ನಿಂತಿತು.

ನಮ್ಮ ಮನೆಯ ಮೊದಲ ಹೆರಿಗೆಯ ವೃತ್ತಾಂತವನ್ನು ಹೇಳಲು ನಾಚಿಕೆಯಾಗುತ್ತದೆ. ಒಂದು ಸಂಜೆ ಮೊಮ್ಮಗನು ತೊಟ್ಟಿಯ ಮುಂದೆ ಕುಳಿತು ಇಪ್ಪತ್ತಮೂರು ಮರಿಗಳನ್ನು ಎಣಿಸಿದನು. ತಾಯಿಯ ಬಳಿ ಮಕ್ಕಳು ಸುಖವಾಗಿರಲೆಂದು ನಾವು ದೀಪವಾರಿಸಿ ಮಲಗಿದೆವು. ಬೆಳಗಾಗುವಾಗ ಉಳಿದುವು ನಾಲ್ಕೇ. ಹೊಟ್ಟೆ ತುಂಬಿದ ತಾಯಿ ಮೂಲೆಯಲ್ಲಿ ನೆಮ್ಮದಿಯಾಗಿ ತೇಲುತ್ತಿತ್ತು. ಮತ್ಸ್ಯನ್ಯಾಯವೆಂಬ ಮಾತಿಗೆ ಎಷ್ಟು ಸಲ ಅರ್ಥ ಹೇಳಿದ್ದೆವೋ! ಹುಡುಗನು ಆ ದಿನವೆಲ್ಲ ನಮ್ಮೊಡನೆ ಮಾತಾಡಲಿಲ್ಲ. ತಪ್ಪು ಮೀನಿನದಲ್ಲ, ನಮ್ಮದು.

ಆಮೇಲೆ ಕಲಿತುದನ್ನು ಇಲ್ಲಿ ಬರೆಯುತ್ತೇವೆ. ಗಪ್ಪಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಈಯುತ್ತದೆ. ಒಮ್ಮೆ ಗಂಡನ್ನು ಕೂಡಿದ ಹೆಣ್ಣು, ಬಳಿಕ ಒಂಟಿಯಾಗಿದ್ದರೂ ಹಲವು ತಿಂಗಳ ಕಾಲ ಮರಿ ಹಾಕುತ್ತಲೇ ಇರಬಲ್ಲುದು. ದಿನ ತುಂಬಿದಂತೆ ಹೊಟ್ಟೆ ಚೌಕವಾಗಿ ಉಬ್ಬಿ, ಬಾಲದ ಕಡೆಯ ಕಪ್ಪು ಮಚ್ಚೆ ದಟ್ಟವಾಗುತ್ತದೆ. ಆಗ ತಾಯಿಯನ್ನು ಗಿಡಗಳು ಒತ್ತಾಗಿರುವ ಬೇರೊಂದು ತೊಟ್ಟಿಗೆ ಮೆಲ್ಲನೆ ಸಾಗಿಸಬೇಕು. ಅಂಗಡಿಯಲ್ಲಿ ಹೆರಿಗೆಗೆಂದೇ ಪುಟ್ಟ ಪೆಟ್ಟಿಗೆಗಳನ್ನು ಮಾರುತ್ತಾರೆ. ಅವು ನಮಗೆ ಒಪ್ಪಿಗೆಯಾಗಲಿಲ್ಲ. ಆ ಇಕ್ಕಟ್ಟಿನಲ್ಲಿ ತಾಯಿ ಕಂಗೆಡುತ್ತದೆ. ಜಾವಾ ಪಾಚಿಯಾಗಲಿ ಹೈಡ್ರಿಲ್ಲವಾಗಲಿ ಸಾಕು. ಮರಿಗಳು ತಾವೇ ನುಸುಳಿ ಅವಿತುಕೊಳ್ಳುತ್ತವೆ. ಕೆರೆಯಿಂದ ತಂದ ಗಿಡವನ್ನು ಮಾತ್ರ ಎಸಳೆಸಳಾಗಿ ಬಿಡಿಸಿ ತೊಳೆಯತಕ್ಕದ್ದು. ನಾವು ಹಾಗೆ ಮಾಡದೆ, ಕೊಡತಿಹುಳುವಿನ ಜಲಮರಿಯೊಂದನ್ನು ಮನೆಗೆ ಕರೆತಂದು ಐದು ಮರಿಗಳನ್ನು ಬಲಿಕೊಟ್ಟೆವು. ಹೆರಿಗೆ ಮುಗಿದೊಡನೆ ತಾಯಿಯನ್ನು ಹಿಂದಕ್ಕೆ ಬಿಡಬೇಕು. ನೀರು ಸೋಸುವ ಯಂತ್ರವಿದ್ದರೆ ಅದರ ಬಾಯಿಗೆ ಸ್ಪಂಜನ್ನು ಕಟ್ಟದಿದ್ದಲ್ಲಿ ಮರಿಗಳನ್ನು ಅದೂ ನುಂಗುತ್ತದೆ.

ಹುಟ್ಟಿದ ಮರಿಯ ಉದ್ದ ಆರೇಳು ಮಿಲಿಮೀಟರು. ಬಾಯಿ ಸೂಜಿಮೊನೆಯಷ್ಟು. ಆಹಾರವನ್ನು ದಿನಕ್ಕೆ ನಾಲ್ಕೈದು ಸಲ, ಐದು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ, ಹಾಕಬೇಕು. ಒಣ ಆಹಾರವನ್ನು ಬೆರಳ ನಡುವೆ ಹಿಟ್ಟಿನಂತೆ ಹೊಸಕಿ ಉದುರಿಸಬಹುದು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವವರೂ ಉಂಟು. ನಮ್ಮ ಅಡಿಗೆಮನೆಯಲ್ಲಿ ಅದಕ್ಕೆ ಪ್ರವೇಶವಿಲ್ಲ, ಮೇಲಾಗಿ ಅದು ನೀರನ್ನು ಬೇಗನೆ ಕೆಡಿಸುತ್ತದೆ. ಎಲ್ಲಕ್ಕಿಂತಲೂ ಶ್ರೇಷ್ಠವಾದುದು ಆರ್ಟೀಮಿಯವೆಂಬ ಉಪ್ಪುನೀರಿನ ಸೀಗಡಿಯ ಮರಿ. ಅದರ ಒಣ ಮೊಟ್ಟೆಗಳನ್ನು, ಲೀಟರಿಗೆ ಸುಮಾರು ೨೫ ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಗಾಳಿಯಾಡಿಸುತ್ತ ಬೆಚ್ಚಗಿಟ್ಟರೆ, ಒಂದೆರಡು ದಿನದಲ್ಲಿ ಒಡೆಯುತ್ತವೆ. ಅವನ್ನು ಸಿಹಿನೀರಿನಲ್ಲಿ ಜಾಲಿಸಿ ಹಾಕಿದಾಗ ಮರಿಗಳ ಹೊಟ್ಟೆ ಕಿತ್ತಳೆಬಣ್ಣಕ್ಕೆ ತಿರುಗುವುದನ್ನು ನೋಡಿಯೇ ತಿಳಿಯಬೇಕು.

ಉಳಿದ ಆಹಾರ ಕೊಳೆತರೆ ನೀರಿನಲ್ಲಿ ಅಮೋನಿಯ ಹುಟ್ಟಿ ಮರಿಗಳು ಸಾಯುತ್ತವೆ. ಹಸಿವಿನಿಂದ ಸಾಯುವುದಕ್ಕಿಂತ ಅತಿಯಾದ ಔದಾರ್ಯದಿಂದ ಸಾಯುವ ಮರಿಗಳೇ ಹೆಚ್ಚೆಂದು ನಮಗೆ ತೋರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗ ನೀರನ್ನು ತಳದ ಕಸದೊಡನೆ ತೆಗೆದು, ಅಷ್ಟೇ ಬೆಚ್ಚಗಿರುವ ಹೊಸ ನೀರನ್ನು ಹಾಕಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಡುವುದು ಅಗತ್ಯ. ೨೪ರಿಂದ ೨೬ ಡಿಗ್ರಿ ಸೆಲ್ಸಿಯಸ್ ಶಾಖ ಹಿತಕರ.

ಮೂರು ನಾಲ್ಕು ವಾರಗಳಾದ ಮೇಲೆ ಗಂಡುಗಳ ಹೊಟ್ಟೆಯ ಕೆಳಗಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಹೆಣ್ಣಿನದು ಬೀಸಣಿಗೆಯಂತೆಯೇ ಉಳಿಯುತ್ತದೆ. ಆಗಲೇ ಅವನ್ನು ಬೇರ್ಪಡಿಸದಿದ್ದರೆ ಸಂಸಾರಕ್ಕೆ ಮಿತಿಯಿರುವುದಿಲ್ಲ. ಮಿತಿಮೀರಿದಾಗ, ಪುಣ್ಯಕಾರ್ಯವೆಂದು ಭಾವಿಸಿ ಕೆರೆಗೆ ಸುರಿಯುವ ಗೃಹಸ್ಥರಿದ್ದಾರೆ. ಸೊಳ್ಳೆಯ ಹುಳುಗಳನ್ನು ತಿನ್ನಲೆಂದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಮೀನನ್ನು ಭಾರತಕ್ಕೆ ತಂದುದೂ, ಕರ್ನಾಟಕದ ಬಾವಿಗಳಲ್ಲಿ ಬಿಟ್ಟುದೂ ನಿಜ. ಆದರೆ ಹೊಳೆಕೆರೆಗಳನ್ನು ಸೇರಿದ ಗಪ್ಪಿ ನಮ್ಮ ನಾಡಮೀನುಗಳ ಆಹಾರಕ್ಕೆ ಪಾಲುಗಾರನಾಗಿ, ಅವುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. ಆದುದರಿಂದ ಹೆಚ್ಚಾದುವನ್ನು ಸಾಕಬಲ್ಲವರಿಗೆ ಕೊಡುವುದೇ ಸರಿ.

ಎರಡನೆಯ ಸಲ ಹುಟ್ಟಿದ ಇಪ್ಪತ್ತಾರರಲ್ಲಿ ಹತ್ತೊಂಬತ್ತು ಬದುಕಿದುವು. ಹನ್ನೆರಡನ್ನು ನೆರೆಮನೆಗಳಿಗೆ ಹಂಚಿದೆವು. ಉಳಿದ ಏಳಕ್ಕೂ ಮೊಮ್ಮಗನು ಹೆಸರಿಟ್ಟಿದ್ದಾನೆ. ಸಂಜೆಯ ಎಣಿಕೆ ಈಗ ಅವನದು, ದೀಪವಾರಿಸುವ ಅಧಿಕಾರವೂ ಅವನದೇ.