ಪವಿತ್ರ ಕುಟುಂಬದ ಹಬ್ಬ: ಮಕ್ಕಳ ಶಾಲೆಯನ್ನು ಅರಿಯೋಣ



ಕ್ರಿಸ್ತಜಯಂತಿಯ ಬೆನ್ನಲ್ಲೇ ಧರ್ಮಸಭೆ ನಮ್ಮನ್ನು ನಜರೇತಿನ ಪುಟ್ಟ ಮನೆಗೆ ಕರೆದೊಯ್ಯುತ್ತದೆ. ಆ ಮನೆಯ ಬಗ್ಗೆ ಸಂತ ಲೂಕರು ತಿಳಿಸುವ ಒಂದು ಪ್ರಸಂಗ ಎಲ್ಲ ತಂದೆತಾಯಿಯರ ಕರುಳನ್ನು ಮುಟ್ಟುವಂಥದ್ದು. ಯೇಸುವಿಗೆ ಆಗ ಹನ್ನೆರಡು ವರ್ಷ. ಪಾಸ್ಖ ಹಬ್ಬ ಮುಗಿಸಿ ಹೊರಟ ಮರಿಯ ಮತ್ತು ಜೋಸೆಫರು, ಮಗ ಜೊತೆಯವರ ಗುಂಪಿನಲ್ಲಿ ಇದ್ದಾನೆಂದು ನಂಬಿ ಒಂದು ದಿನದ ದಾರಿ ನಡೆದುಬಿಟ್ಟರು. ಇಲ್ಲವೆಂದು ತಿಳಿದಾಗ ಬಂಧುಬಳಗದಲ್ಲಿ ವಿಚಾರಿಸಿದರು, ಜೆರುಸಲೇಮಿಗೆ ಮರಳಿದರು. ಮೂರನೆಯ ದಿನ ಮಹಾದೇವಾಲಯದಲ್ಲಿ ಬೋಧಕರ ನಡುವೆ ಮಗನನ್ನು ಕಂಡರು. ಬಾಲಕ ಯೇಸು ಅವರ ಮಾತನ್ನು ಆಲಿಸುತ್ತಾ ಪ್ರಶ್ನೆಗಳನ್ನೂ ಕೇಳುತ್ತಿದ್ದರು. ತಾಯಿ ಮರಿಯಮ್ಮನವರು ಸಹ ಆ ಪಂಡಿತರ ಎದುರಿನಲ್ಲೇ ತಮ್ಮ ಮನದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರು.

ಮಗನಿದ್ದದ್ದು ಪವಿತ್ರವಾದ ಸ್ಥಳದಲ್ಲಿ, ಕಲಿತವರ ಮಧ್ಯದಲ್ಲಿ. ಆದರೂ ಹುಡುಕುವ ಹೊಣೆ ತಂದೆತಾಯಿಯರದ್ದೇ ಆಗಿತ್ತು. ಈ ಹಬ್ಬದಂದು ನಾವು ಧ್ಯಾನಿಸಬೇಕಾದದ್ದು ಇದನ್ನೇ. ಮಗುವನ್ನು ಶಾಲೆಗೆ ಸೇರಿಸಿದೆವು, ಗುಂಪಿನ ಜೊತೆ ಹೋಗುತ್ತಿದೆ, ಎಲ್ಲವೂ ಸರಿಯಿದೆ ಎಂದು ನಂಬಿ ನಾವು ಎಷ್ಟು ದಿನದ ದಾರಿ ನಡೆದಿದ್ದೇವೆ?

ಶಿಕಾರಿಪುರ, ಸೊರಬದ ನಮ್ಮ ಕುಟುಂಬಗಳಲ್ಲಿ ಹೆಚ್ಚಿನವರು ದುಡಿದು ಬದುಕುವವರು. ಭತ್ತದ ಗದ್ದೆ, ಜೋಳದ ಹೊಲ, ಅಡಿಕೆ ತೋಟದ ಕೆಲಸದ ನಡುವೆ ಶಾಲೆಗೆ ಹೋಗಲು ಬಿಡುವು ಸಿಗುವುದು ಅಪರೂಪ. ಹೋದಾಗಲೂ ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ. ಮೇಷ್ಟ್ರನ್ನು ಕೇಳುವುದು ಅಗೌರವವೆಂಬ ಭಾವನೆ ನಮ್ಮಲ್ಲಿದೆ. ಗುರುಗಳಿಗೆ ಗೌರವ ಸಲ್ಲಲೇಬೇಕು. ಆದರೆ ಗೌರವ ಬೇರೆ, ಮೌನ ಬೇರೆ.

ಶಾಲೆ ತನ್ನ ವಿಚಾರವನ್ನು ಜನರ ಮುಂದಿಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಮಠ ಹೆಸರಾಂತ ವಿದ್ಯಾಕೇಂದ್ರ. ಅಲ್ಲಿ ಏನೇನು ಕಲಿಸುತ್ತಿದ್ದರು, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಹೇಗೆ ಸಲ್ಲುತ್ತಿತ್ತು ಎಂಬುದನ್ನು ಕ್ರಿ.ಶ. 1162ರ ಶಾಸನ ಸಾರುತ್ತದೆ. ಅಂದು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದನ್ನು ಇಂದು ಶಾಲೆಯ ಸೂಚನಾಫಲಕದಲ್ಲಿ ಓದಲು ನಾವು ಸಂಕೋಚಪಡಬೇಕಿಲ್ಲ.

ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಮಕ್ಕಳಿಗೆ ಮೊದಲ ಮತ್ತು ಪ್ರಧಾನ ಶಿಕ್ಷಕರು ತಂದೆತಾಯಿಯರೇ ಎಂದು ಬೋಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 796ನೇ ನಿಯಮದಂತೆ ಶಿಕ್ಷಕರು ತಂದೆತಾಯಿಯರ ಮಾತನ್ನು ಮನಸಾರೆ ಆಲಿಸಬೇಕು. ಪೋಷಕರ ಸಭೆಗಳನ್ನು ಏರ್ಪಡಿಸಿ ಅವುಗಳಿಗೆ ಬೆಲೆ ಕೊಡಬೇಕು.

ಇನ್ನು ದೇಶದ ಕಾನೂನು ಏನು ಹೇಳುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಪ್ರವೇಶಕ್ಕಾಗಿ ಡೊನೇಷನ್ ಕೇಳುವಂತಿಲ್ಲ. ಮಗುವಿಗಾಗಲಿ ತಂದೆತಾಯಿಗಾಗಲಿ ಆಯ್ಕೆ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಹೊಡೆಯುವುದು ಮಾತ್ರವಲ್ಲ, ಮನಸ್ಸು ನೋಯುವಂತೆ ಹಿಂಸಿಸುವುದೂ ನಿಷಿದ್ಧ. ಕೆಲಸ ಹುಡುಕಿ ಬೇರೆ ಊರಿಗೆ, ಕಾಫಿ ತೋಟಗಳಿಗೆ ಹೋಗುವ ಕುಟುಂಬಗಳು ಇನ್ನೊಂದು ಮಾತನ್ನು ನೆನಪಿಡಬೇಕು: ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಲು ಕೇಳಿದ ಕೂಡಲೇ ಮುಖ್ಯೋಪಾಧ್ಯಾಯರು ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಇದು ತಿಳಿಯದೆ ಒಂದು ವರ್ಷ ಮನೆಯಲ್ಲಿ ಉಳಿದ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ಕಷ್ಟ.

ತಂದೆತಾಯಿ ದೂರದಲ್ಲಿದ್ದು ಅಜ್ಜಿ, ತಾತ, ಚಿಕ್ಕಮ್ಮ ಮಗುವನ್ನು ಸಾಕುವ ಮನೆಗಳು ನಮ್ಮಲ್ಲಿ ಅನೇಕ. ಮಗುವಿನ ಆರೈಕೆ ಯಾರ ಕೈಯಲ್ಲಿದೆಯೋ ಅವರನ್ನು ಈ ಕಾಯಿದೆ ಪೋಷಕರೆಂದೇ ಗಣಿಸುತ್ತದೆ. ಸಂತ ಜೋಸೆಫರೂ ಯೇಸುವಿನ ಸಾಕುತಂದೆಯಾಗಿದ್ದರು. ಹುಡುಕುವಾಗ ಅವರು ಹಿಂದೆ ಉಳಿಯಲಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ. ಕರ್ನಾಟಕದಲ್ಲಿ ಇದು ಆರಂಭವಾದದ್ದು 2001ರಲ್ಲಿ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು ಅದರ ಕೆಲಸ. ಸೊರಬದ ಶಾಸಕರೇ 2023ರಲ್ಲಿ ರಾಜ್ಯದ ಶಾಲಾ ಶಿಕ್ಷಣ ಸಚಿವರಾದರು. ಆದರೂ ನಮ್ಮೂರಿನ ಶಾಲೆಯ ಶೌಚಾಲಯದಲ್ಲಿ ನೀರಿದೆಯೇ ಎಂದು ದಿನವೂ ನೋಡಬಲ್ಲವರು ಬೆಂಗಳೂರಿನಲ್ಲಿಲ್ಲ, ನಮ್ಮೂರಿನಲ್ಲೇ ಇದ್ದಾರೆ.

ವಿಚಾರ ತಿಳಿಯದಿದ್ದರೆ ಮೊದಲು ಶಿಕ್ಷಕರನ್ನು, ಬಳಿಕ ಮುಖ್ಯೋಪಾಧ್ಯಾಯರನ್ನು ಸೌಜನ್ಯದಿಂದ ಕೇಳೋಣ. ಅಲ್ಲಿ ಉತ್ತರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ. ಸರ್ಕಾರಿ ಶಾಲೆಯ ದಾಖಲೆ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

ನಮ್ಮ ಧರ್ಮಸಭೆಯ ಶಾಲೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಆದರೆ ಈ ವಿನಾಯಿತಿ ಶುಭಸಂದೇಶದಿಂದ ವಿನಾಯಿತಿಯಲ್ಲ. ಮಕ್ಕಳನ್ನು ಬಳಿಗೆ ಕರೆದು ಹರಸಿದ ಪ್ರಭುವಿನ ಹೆಸರಿನಲ್ಲಿ ನಡೆಯುವ ಶಾಲೆಯಲ್ಲಿ ಶುಲ್ಕ, ಶಿಸ್ತು, ಪ್ರವೇಶದ ನಿಯಮಗಳು ಮೊದಲೇ ಸ್ಪಷ್ಟವಾಗಿರಬೇಕು. ಕೇಳಲು ಬಂದ ತಾಯಿಗೆ ಕುಳಿತುಕೊಳ್ಳಲು ಕುರ್ಚಿಯೂ ಸಮಾಧಾನದ ಉತ್ತರವೂ ಸಿಗಬೇಕು.

ಯಾವ ಶಾಲೆಗೂ ವಿನಾಯಿತಿ ಇಲ್ಲದ ಕಾನೂನು ಒಂದಿದೆ. 18 ವರ್ಷದೊಳಗಿನ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆ ಅದು. ಇಂಥ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ತಮ್ಮ ಅಧೀನದವರು ಎಸಗಿದ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಶಾಲೆಯ ಮಾನ, ಮನೆತನದ ಮಾನ ಎಂದು ಮಗುವಿನ ಕಣ್ಣೀರನ್ನು ಮುಚ್ಚಿಡುವುದು ಪಾಪ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಉಚಿತವಾಗಿ ಲಭ್ಯ. ಈ ನಾಲ್ಕು ಅಂಕಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸೋಣ.

ಪ್ರಿಯರೇ, ಮುಂದಿನ ಶಾಲಾ ವರ್ಷದ ದಾಖಲಾತಿ ಹತ್ತಿರವಾಗುತ್ತಿದೆ. ಸಹಿ ಹಾಕುವ ಮುನ್ನ ಐದು ವಿಷಯ ಕೇಳೋಣ: ಈ ಶಾಲೆಗೆ ಯಾವ ತರಗತಿಯವರೆಗೆ ಮಾನ್ಯತೆ ಇದೆ? ವರ್ಷಕ್ಕೆ ಒಟ್ಟು ಶುಲ್ಕ ಎಷ್ಟು, ರಸೀದಿ ಸಿಗುವುದೇ? ಮಕ್ಕಳನ್ನು ತಿದ್ದುವ ಕ್ರಮ ಯಾವುದು? ದೂರು ಕೊಡಬೇಕಾದದ್ದು ಯಾರಿಗೆ? ಪೋಷಕರ ಸಭೆ ಯಾವಾಗ? ಓದು ಬಾರದವರು ನೆರೆಯವರಿಂದ, ಇಲ್ಲವೇ ಧರ್ಮಕೇಂದ್ರದ ಯುವಜನರಿಂದ ಓದಿಸಿಕೊಳ್ಳಲಿ, ಅದರಲ್ಲಿ ನಾಚಿಕೆಯಿಲ್ಲ. ಮನೆಗೆ ಬಂದ ಮಗುವನ್ನು ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು ಇಂದು ಹೇಗಿದ್ದೆ ಎಂದು ಕೇಳೋಣ.

ಯೇಸು ಅಂದು ತಂದೆತಾಯಿಯರ ಜೊತೆ ನಜರೇತಿಗೆ ಮರಳಿ, ಜ್ಞಾನದಲ್ಲಿಯೂ ದೈವಕೃಪೆಯಲ್ಲಿಯೂ ಬೆಳೆದರು. ನಮ್ಮ ಮಕ್ಕಳೂ ಹಾಗೆಯೇ ಬೆಳೆಯಲಿ. ಹುಡುಕುವ ಪ್ರೀತಿಯನ್ನೂ ಕೇಳುವ ಧೈರ್ಯವನ್ನೂ ಪವಿತ್ರ ಕುಟುಂಬದ ಪ್ರಾರ್ಥನೆಯ ಮೂಲಕ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.