ಕೈಯಿಂದ ಕೈಗೆ ದಾಟುವ ಡಿಸ್ಕು

2022ರ ನವೆಂಬರ್‌ನಲ್ಲಿ ‘ಗಾಡ್ ಆಫ್ ವಾರ್ ರಾಗ್ನರಾಕ್’ ಬಿಡುಗಡೆಯಾದಾಗ ಅದರ ಪ್ಲೇಸ್ಟೇಷನ್ 5 ಡಿಸ್ಕಿನ ಬೆಲೆ ಭಾರತದಲ್ಲಿ 4,999 ರೂಪಾಯಿ. ಕೆಲಸ ಮುಗಿಸಿ ಬಂದು ರಾತ್ರಿ ಒಂದೆರಡು ಗಂಟೆ ಆಡುವವರಿಗೂ ಒಂದು ತಿಂಗಳೊಳಗೆ ಅದರ ಮುಖ್ಯ ಕಥೆ ಮುಗಿಯುತ್ತದೆ. ಆಮೇಲೆ ಆ ಡಿಸ್ಕನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬಹುದು, ಗೆಳೆಯನಿಗೆ ಕೊಡಬಹುದು, ಇಲ್ಲವೇ ಮಾರಬಹುದು. ಈ ಮೂರನೆಯ ದಾರಿಯ ಮೇಲೆ ಗೇಮ್ ಕಂಪನಿಗಳಿಗೂ ಅಂಗಡಿಗಳಿಗೂ ಆಟಗಾರರಿಗೂ ದಶಕಗಳಿಂದ ಜಗಳ ನಡೆದಿದೆ. ಜಪಾನಿನಲ್ಲಿ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಬಟ್ಟೆ ಒಗೆದಷ್ಟೂ ಬಣ್ಣ ಬಿಡುತ್ತದೆ, ಬೈಕು ಓಡಿದಷ್ಟೂ ಸವೆಯುತ್ತದೆ. ಗೇಮಿನ ಡಿಸ್ಕು ಹಾಗಲ್ಲ. ಗೀರು ಬೀಳದಂತೆ ನೋಡಿಕೊಂಡರೆ ಹತ್ತನೆಯವರ ಕೈಯಲ್ಲೂ ಮೊದಲ ದಿನದ ಆಟವೇ ಅದರಲ್ಲಿರುತ್ತದೆ. ಹೀಗಾಗಿ ಹಳೆಯ ಪ್ರತಿ ಹೊಸದರ ಎದುರು ಸರಿಸಮನಾಗಿ ನಿಲ್ಲುತ್ತದೆ, ಅದೂ ಕಡಿಮೆ ಬೆಲೆಗೆ. ಆ ಎರಡನೆಯ ಮಾರಾಟದಲ್ಲಿ ಗೇಮ್ ತಯಾರಿಸಿದವರಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ವರ್ಷಗಟ್ಟಲೆ ದುಡಿದು ಗೇಮ್ ಕಟ್ಟಿದವರಿಗೆ ಇದು ಸಂಕಟ ತಂದರೆ ಆಶ್ಚರ್ಯವಿಲ್ಲ.

ಅಮೆರಿಕದ ಗೇಮ್‌ಸ್ಟಾಪ್ ಮಳಿಗೆಗಳು ದೊಡ್ಡದಾಗಿ ಬೆಳೆದದ್ದು ಈ ಎರಡನೆಯ ಮಾರಾಟದ ಬಲದಿಂದ. ಗಿರಾಕಿ ತಂದ ಹಳೆಯ ಗೇಮನ್ನು ಅಗ್ಗಕ್ಕೆ ಕೊಂಡು, ಹೊಸದಕ್ಕಿಂತ ಐದಾರು ಡಾಲರ್ ಕಡಿಮೆ ಬೆಲೆಗೆ ಅದೇ ಅಂಗಡಿಯಲ್ಲಿ ಇಡುವುದು ಅವರ ಕ್ರಮ. 2010ರ ಆಸುಪಾಸಿನಲ್ಲಿ ಹೊಸ ಗೇಮುಗಳ ಮಾರಾಟದಲ್ಲಿ ಕಂಪನಿಗೆ ನೂರಕ್ಕೆ ಸುಮಾರು ಇಪ್ಪತ್ತು ಉಳಿಯುತ್ತಿದ್ದರೆ ಹಳೆಯವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಉಳಿಯುತ್ತಿತ್ತು. ಪ್ರಕಾಶಕ ಕಂಪನಿಗಳು ಸುಮ್ಮನಿರಲಿಲ್ಲ. 2010ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ‘ಆನ್‌ಲೈನ್ ಪಾಸ್’ ತಂದಿತು. ಹೊಸ ಡಬ್ಬಿಯೊಳಗೆ ಒಮ್ಮೆ ಮಾತ್ರ ಬಳಸಬಹುದಾದ ಕೋಡ್ ಇರುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಂಡವರು ಅಂತರ್ಜಾಲದಲ್ಲಿ ಇತರರೊಡನೆ ಆಡಬೇಕಾದರೆ ಹತ್ತು ಡಾಲರ್ ಬೇರೆ ಕಟ್ಟಬೇಕು. ಯೂಬಿಸಾಫ್ಟ್, ಸೋನಿ ಕೂಡ ಇದೇ ಹಾದಿ ಹಿಡಿದವು. ಆಟಗಾರರ ಸಿಟ್ಟು ತಣಿಯಲಿಲ್ಲ. 2013ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಈ ಪದ್ಧತಿಯನ್ನೇ ಕೈಬಿಟ್ಟಿತು.

ಅದೇ ತಿಂಗಳು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಪರಿಚಯಿಸಿತು. ಅದರ ಷರತ್ತುಗಳು ಒಂದೊಂದಾಗಿ ಹೊರಬಂದಂತೆ ಆಟಗಾರರು ಬೆಚ್ಚಿದರು. ಡಿಸ್ಕು ಕೊಂಡರೂ ಗೇಮು ಖಾತೆಗೆ ಅಂಟಿಕೊಳ್ಳುತ್ತದೆ. ಯಂತ್ರ 24 ಗಂಟೆಗೊಮ್ಮೆ ಅಂತರ್ಜಾಲಕ್ಕೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು. ಮರುಮಾರಾಟಕ್ಕೆ ಪ್ರಕಾಶಕರ ಒಪ್ಪಿಗೆ ಬೇಕು, ಅದೂ ಗೊತ್ತುಪಡಿಸಿದ ಅಂಗಡಿಗಳಲ್ಲಿ ಮಾತ್ರ. ಗೆಳೆಯನಿಗೆ ಒಂದು ಗೇಮನ್ನು ಒಮ್ಮೆ ಮಾತ್ರ ಕೊಡಬಹುದು, ಆ ಗೆಳೆಯ ಮೂವತ್ತು ದಿನಗಳಿಂದ ಸ್ನೇಹಿತರ ಪಟ್ಟಿಯಲ್ಲಿ ಇದ್ದಿರಬೇಕು.

ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಸೋನಿಯ ಸರದಿ. ಪ್ಲೇಸ್ಟೇಷನ್ 4ರಲ್ಲಿ ಹಳೆಯ ಗೇಮುಗಳಿಗೆ ಯಾವ ಹೊಸ ನಿರ್ಬಂಧವೂ ಇಲ್ಲ ಎಂದು ಕಂಪನಿಯ ಅಧಿಕಾರಿ ಜ್ಯಾಕ್ ಟ್ರೆಟನ್ ವೇದಿಕೆಯಲ್ಲಿ ಹೇಳಿದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಬೆಲೆಯೂ ಎಕ್ಸ್‌ಬಾಕ್ಸ್‌ಗಿಂತ ನೂರು ಡಾಲರ್ ಕಡಿಮೆ, 399. ಜೊತೆಗೆ ಸೋನಿ ಒಂದು ಚುಟುಕು ವಿಡಿಯೊ ಬಿಟ್ಟಿತು. ಪ್ಲೇಸ್ಟೇಷನ್ 4ರಲ್ಲಿ ಗೇಮು ಹಂಚಿಕೊಳ್ಳುವುದು ಹೇಗೆ ಎಂದು ಕಲಿಸುವ ಪಾಠ ಅದು. ಸೋನಿಯ ಶುಹೇಯಿ ಯೋಶಿದಾ ಡಿಸ್ಕಿನ ಡಬ್ಬಿಯನ್ನು ಪಕ್ಕದಲ್ಲಿದ್ದ ಸಹೋದ್ಯೋಗಿ ಆ್ಯಡಂ ಬಾಯ್ಸ್ ಕೈಗೆ ಕೊಡುತ್ತಾರೆ, ಅವರು ತೆಗೆದುಕೊಳ್ಳುತ್ತಾರೆ. ಪಾಠ ಮುಗಿಯಿತು. ಜೂನ್ 19ರಂದು ಮೈಕ್ರೋಸಾಫ್ಟ್ ತನ್ನ ಷರತ್ತುಗಳನ್ನು ಹಿಂದಕ್ಕೆ ಪಡೆಯಿತು. ಪ್ಲೇಸ್ಟೇಷನ್ 4 ಮುಂದೆ 11 ಕೋಟಿಗೂ ಹೆಚ್ಚು ಮಾರಾಟವಾಯಿತು; ಎಕ್ಸ್‌ಬಾಕ್ಸ್ ಒನ್ ಅದರ ಹತ್ತಿರಕ್ಕೂ ಬರಲಿಲ್ಲ. ಗೆಲುವಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಮಾರುವ ಹಕ್ಕಿನ ಬಗ್ಗೆ ಗಿರಾಕಿಗಳು ಅಷ್ಟು ಒಗ್ಗಟ್ಟಾಗಿ ದನಿಯೆತ್ತಿದ ಸಂದರ್ಭ ಗೇಮ್ ಲೋಕದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಜಪಾನಿನ ಮೊಕದ್ದಮೆ ಇದಕ್ಕಿಂತ ಹಳೆಯದು, ಅದರ ವಾದ ಇನ್ನೂ ಸ್ವಾರಸ್ಯಕರ. ಅಲ್ಲಿನ ಹಕ್ಕುಸ್ವಾಮ್ಯ ಕಾನೂನು ಸಿನಿಮಾ ನಿರ್ಮಾಪಕರಿಗೆ ವಿಶೇಷವಾದ ವಿತರಣಾ ಹಕ್ಕು ಕೊಟ್ಟಿತ್ತು. ಚಿತ್ರದ ರೀಲು ಯಾವ ಊರಿನ ಯಾವ ಟಾಕೀಸಿಗೆ ಹೋಗಬೇಕೆಂದು ಅವರು ತೀರ್ಮಾನಿಸಬಹುದಿತ್ತು. ಕ್ಯಾಪ್ಕಾಮ್, ಕೊನಾಮಿ, ಸೆಗಾ ಮೊದಲಾದ ಕಂಪನಿಗಳು ಇದನ್ನೇ ಹಿಡಿದುಕೊಂಡವು: ವಿಡಿಯೊ ಗೇಮ್ ಕೂಡ ಚಲಿಸುವ ಚಿತ್ರ, ಆದ್ದರಿಂದ ಅದರ ಪ್ರತಿಯೊಂದು ಪ್ರತಿಯ ಓಡಾಟದ ಮೇಲೂ ನಮಗೆ ಹಿಡಿತ ಬೇಕು. 2002ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅರ್ಧ ಒಪ್ಪಿತು. ಗೇಮು ಕಾನೂನಿನ ದೃಷ್ಟಿಯಲ್ಲಿ ಸಿನಿಮಾದಂಥ ಕೃತಿಯೇ, ವಿತರಣಾ ಹಕ್ಕೂ ಇದೆ. ಆದರೆ ಮನೆಯಲ್ಲಿ ಆಡಲೆಂದು ಸಾರ್ವಜನಿಕರಿಗೆ ಮಾರಿದ ಪ್ರತಿಯ ಮೇಲಿನ ಆ ಹಕ್ಕು ಮೊದಲ ಮಾರಾಟದೊಂದಿಗೇ ತೀರಿಹೋಗುತ್ತದೆ. ಅಲ್ಲಿಂದ ಮುಂದೆ ಜಪಾನಿನ ಹಳೆಯ ಗೇಮ್ ಅಂಗಡಿಗಳ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಭಾರತದ ಹಕ್ಕುಸ್ವಾಮ್ಯ ಕಾಯಿದೆ ನಡೆದ ದಾರಿಯೂ ಗಮನಿಸಬೇಕಾದದ್ದು. 1994ರ ತಿದ್ದುಪಡಿಯಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಮೊದಲೇ ಮಾರಾಟವಾಗಿದ್ದರೂ ಅದನ್ನು ಮತ್ತೆ ಮಾರುವ ಹಕ್ಕು ಹಕ್ಕುದಾರರಿಗೇ ಇದೆ ಎನ್ನುವ ಅರ್ಥದ ಮಾತು ಸೇರಿತ್ತು. 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಇಂದು ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಬಳಸಿದ ಕನ್ಸೋಲು, ಡಿಸ್ಕುಗಳ ವ್ಯಾಪಾರ ರಾಜಾರೋಷವಾಗಿಯೇ ನಡೆಯುತ್ತದೆ. ಹಳೆಯದನ್ನು ಕೊಟ್ಟು ಮೇಲೆ ಒಂದಿಷ್ಟು ಹಣ ಸೇರಿಸಿ ಬೇರೆ ಗೇಮು ಒಯ್ಯುವ ‘ಎಕ್ಸ್‌ಚೇಂಜ್’ ನಮ್ಮ ಆಟಗಾರರಿಗೆ ಟಿವಿ ಗೇಮಿನ ಕ್ಯಾಸೆಟ್ ಕಾಲದಿಂದಲೂ ರೂಢಿ.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಕಥೆ ಮುಖ್ಯವಾದ, ಒಮ್ಮೆ ಆಡಿ ಮುಗಿಸುವ ದೊಡ್ಡ ಗೇಮುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಜಾಣತನ. ಕಾದವರಿಗೆ ಬೆಲೆಯ ಜೊತೆ ಇನ್ನೊಂದು ಲಾಭವೂ ಇದೆ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಂದಾಗ ಹಳೆಯ ಕನ್ಸೋಲುಗಳಲ್ಲಿ ಎಷ್ಟು ಕೆಟ್ಟದಾಗಿ ಓಡುತ್ತಿತ್ತೆಂದರೆ, ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆಯಿತು. ಪೂರ್ತಿ ದುಡ್ಡು ಕೊಟ್ಟು ಮೊದಲ ದಿನ ಕೊಂಡವರಿಗೆ ಸಿಕ್ಕದ್ದು ಅರೆಬೆಂದ ಗೇಮು. ವರ್ಷ ಕಳೆದು ಕೊಂಡವರು ರಿಪೇರಿಯಾದ ಗೇಮನ್ನು ಅಗ್ಗಕ್ಕೆ ಆಡಿದರು. ಪ್ರತಿವರ್ಷ ಹೊಸದು ಬರುವ ಫುಟ್‌ಬಾಲ್ ಗೇಮುಗಳ ಲೆಕ್ಕ ಬೇರೆ: ಮುಂದಿನ ವರ್ಷದ್ದು ಬಂದ ಕೂಡಲೇ ಹಿಂದಿನದರ ಬೆಲೆ ಪಾತಾಳಕ್ಕಿಳಿಯುತ್ತದೆ. ಗೆಳೆಯರ ಜೊತೆ ಆನ್‌ಲೈನ್ ಆಡುವವರು ಹೊಸದನ್ನೇ ಕೊಳ್ಳಬೇಕಾದೀತು.

ಅಂಗಡಿಯಲ್ಲಿ ಡಬ್ಬಿ ನೋಡಿ ದುಡ್ಡು ಕೊಡಬಾರದು, ಡಿಸ್ಕು ತೆಗೆದು ಬೆಳಕಿಗೆ ಹಿಡಿಯಬೇಕು. ಪ್ಲೇಸ್ಟೇಷನ್ 4, 5ರ ಗೇಮುಗಳು ಬ್ಲೂ-ರೇ ಡಿಸ್ಕಿನಲ್ಲಿ ಬರುತ್ತವೆ. ಇದರಲ್ಲಿ ಮಾಹಿತಿಯ ಪದರ ಹೊಳೆಯುವ ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ. ಅದಕ್ಕಾಗಿಯೇ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಕೂದಲೆಳೆಯಂಥ ಗೀರುಗಳಿಗೆ ಹೆದರಬೇಕಾಗಿಲ್ಲ, ಉಗುರಿಗೆ ತಾಕುವ ಗೀರು ಮಾತ್ರ ಅಪಾಯ. ಮೊದಲ ಪ್ಲೇಸ್ಟೇಷನ್ ಕಾಲದ ಸಿಡಿಯಲ್ಲಿ ಮಾಹಿತಿ ಇರುವುದು ಚಿತ್ರ ಅಚ್ಚಾದ ಮೈಯ ಕೆಳಗೇ. ಆ ಬದಿಗೆ ಬಿದ್ದ ಪೆಟ್ಟನ್ನು ಯಾರೂ ಸರಿಮಾಡಲಾರರು. ‘ಡೀಲಕ್ಸ್’ ಎಂದು ಬರೆದ ಡಬ್ಬಿಗೆ ಹೆಚ್ಚು ಕೊಡುವ ಮೊದಲು, ಒಳಗಿನ ಕೋಡನ್ನು ಹಿಂದಿನವರು ಬಳಸಿಯೇ ಇರುತ್ತಾರೆ ಎಂಬುದನ್ನು ನೆನೆಯಬೇಕು. ಅಮೆರಿಕದಿಂದ ನೆಂಟರು ತಂದುಕೊಟ್ಟ ಡಿಸ್ಕು ಇಲ್ಲಿನ ಪ್ಲೇಸ್ಟೇಷನ್ 5ರಲ್ಲಿ ಓಡುತ್ತದೆ, ಆದರೆ ಅದಕ್ಕೆ ಇಲ್ಲಿನ ಖಾತೆಯಿಂದ ಕೊಂಡ ಹೆಚ್ಚುವರಿ ಭಾಗಗಳು ಹೊಂದಿಕೊಳ್ಳದೆ ಹೋಗಬಹುದು.

ತಯಾರಕರ ನಷ್ಟದ ಪ್ರಶ್ನೆಗೆ ಮರಳಿದರೆ, ಅದು ಕಾಣುವಷ್ಟು ಸರಳವಲ್ಲ. ಹಳೆಯ ಗೇಮು ಮಾರಿದವರು ಆ ದುಡ್ಡಿನಲ್ಲಿ ಹೊಸದನ್ನು ಕೊಳ್ಳುತ್ತಾರೆ. ನಾಳೆ ಮಾರಬಹುದೆಂಬ ಧೈರ್ಯದಿಂದಲೇ ಅನೇಕರು ಇಂದು ಪೂರ್ತಿ ಬೆಲೆ ಕೊಡುತ್ತಾರೆ. ಮಸಕಾಜು ಇಶಿಹಾರಾ ಮತ್ತು ಆಂಡ್ರ್ಯೂ ಚಿಂಗ್ ಎಂಬ ಸಂಶೋಧಕರು ಜಪಾನಿನ ಗೇಮ್ ಮಾರುಕಟ್ಟೆಯ ಅಂಕಿಅಂಶಗಳನ್ನು ಹಿಡಿದು ಇದನ್ನು ಲೆಕ್ಕಹಾಕಿದ್ದಾರೆ. ಹಳೆಯ ಗೇಮುಗಳ ಮಾರುಕಟ್ಟೆ ಇಲ್ಲವಾಗಿ, ಹೊಸದರ ಬೆಲೆ ಹಾಗೆಯೇ ಉಳಿದರೆ ತಯಾರಕರ ಲಾಭ ತಗ್ಗುತ್ತದೆ. ಬೆಲೆ ಇಳಿಸಿದಾಗ ಲಾಭ ಏರುತ್ತದೆ ಎಂಬುದು ಅವರ ಫಲಿತಾಂಶ.

ಡಿಸ್ಕಿಲ್ಲದೆ ಡೌನ್‌ಲೋಡ್ ಮಾಡಿಕೊಳ್ಳುವ ಡಿಜಿಟಲ್ ಗೇಮಿನಲ್ಲಿ ಹಳೆಯದರ ಮಾರುಕಟ್ಟೆ ಇಲ್ಲವಾಗಿದೆ, ಬೆಲೆ ಮಾತ್ರ ಇಳಿದಿಲ್ಲ. ‘ರಾಗ್ನರಾಕ್’ ಡೌನ್‌ಲೋಡ್ ಮಾಡಿಕೊಂಡವರೂ ಕೊಟ್ಟದ್ದು ಅದೇ 4,999. ಮಾರಲಾಗದ ವಸ್ತುವಿಗೆ ಮಾರಬಹುದಾದ ವಸ್ತುವಿನ ಬೆಲೆ ಕೇಳುವುದು ಅನ್ಯಾಯ, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಫ್ರಾನ್ಸಿನ ಗ್ರಾಹಕ ಸಂಘಟನೆ ‘ಯುಎಫ್‌ಸಿ ಕ್ ಶ್ವಾಜಿರ್’ ಸ್ಟೀಮ್ ಎಂಬ ಡಿಜಿಟಲ್ ಗೇಮ್ ಅಂಗಡಿಯ ಒಡೆಯರಾದ ವಾಲ್ವ್ ಕಂಪನಿಯನ್ನು ಕೋರ್ಟಿಗೆಳೆಯಿತು. 2019ರಲ್ಲಿ ಪ್ಯಾರಿಸ್ ನ್ಯಾಯಾಲಯ ಡಿಜಿಟಲ್ ಗೇಮನ್ನೂ ಮರುಮಾರಾಟ ಮಾಡಬಹುದೆಂದಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು, 2024ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಹಾಗೆಯೇ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಗಿರಾಕಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ ಎಂದು ಡಿಜಿಟಲ್ ಅಂಗಡಿಗಳು ಸ್ಪಷ್ಟವಾಗಿ ತಿಳಿಸಲೇಬೇಕು.

ಡಿಜಿಟಲ್ ಗೇಮು ಅಂಗಡಿಯಲ್ಲಿ ಸದಾ ಸಿಗುತ್ತದೆಂಬ ಖಾತ್ರಿಯೂ ಇಲ್ಲ ಎಂಬುದಕ್ಕೆ 2023ರ ಸೆಪ್ಟೆಂಬರ್ ಸಾಕ್ಷಿ. ಫಿಫಾ ಹೆಸರು ಬಳಸಲು ಎಲೆಕ್ಟ್ರಾನಿಕ್ ಆರ್ಟ್ಸ್ ಮಾಡಿಕೊಂಡಿದ್ದ ಒಪ್ಪಂದ ಮುಗಿದ ಮೇಲೆ ಆ ಫುಟ್‌ಬಾಲ್ ಸರಣಿಯ ಹಿಂದಿನ ಗೇಮುಗಳನ್ನು ಡಿಜಿಟಲ್ ಅಂಗಡಿಗಳಿಂದ ತೆಗೆದುಹಾಕಲಾಯಿತು. ಇಂದು ‘ಫಿಫಾ 23’ ಆಡಬೇಕೆನ್ನುವ ಹೊಸಬರು ಡಿಸ್ಕನ್ನೇ ಹುಡುಕಬೇಕು.

ಆದ್ದರಿಂದ ಕನ್ಸೋಲ್ ಕೊಳ್ಳುವಾಗಲೇ ಯೋಚಿಸಬೇಕು. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕು ಹಾಕಬಹುದಾದ ಯಂತ್ರಕ್ಕೆ 49,990, ಡಿಸ್ಕಿಲ್ಲದ್ದಕ್ಕೆ 39,990. ಒಂದೊಂದು ಗೇಮಿನ ಮೇಲೆ ಎರಡು ಸಾವಿರ ಉಳಿದರೂ ಐದು ಗೇಮುಗಳಲ್ಲಿ ಆ ಹತ್ತು ಸಾವಿರ ವಾಪಸಾಗುತ್ತದೆ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ‘ಗೇಮ್-ಕೀ ಕಾರ್ಡ್’ ಎಂಬ ಹೊಸ ಬಗೆ ಶುರುವಾಗಿದೆ. ಈ ಕಾರ್ಡನ್ನು ಮಾರಬಹುದು, ಆದರೆ ಅದರೊಳಗೆ ಗೇಮೇ ಇಲ್ಲ. ಕೊಂಡವರು ಅಂತರ್ಜಾಲದಿಂದ ಇಳಿಸಿಕೊಂಡು, ಆಡುವಾಗ ಕಾರ್ಡನ್ನು ಯಂತ್ರದಲ್ಲಿ ಇಟ್ಟಿರಬೇಕು. ನಿಂಟೆಂಡೊ 2023ರಲ್ಲಿ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಗಳನ್ನು ಮುಚ್ಚಿದೆ. ಮುಂದೊಂದು ದಿನ ಸ್ವಿಚ್ 2ರ ಡೌನ್‌ಲೋಡ್ ಸೇವೆಯೇ ನಿಂತರೆ, ಈ ಕಾರ್ಡು ಕೈಯಲ್ಲಿದ್ದೂ ಹೊಸ ಯಂತ್ರಕ್ಕೆ ಗೇಮು ಇಳಿಯುವುದಿಲ್ಲ. ಡಬ್ಬಿಯ ಮುಂಭಾಗದ ಕೆಳ ಅಂಚಿನಲ್ಲಿ ಕೀಲಿಕೈ ಚಿತ್ರವೂ ಡೌನ್‌ಲೋಡ್ ಸೂಚನೆಯೂ ಇದ್ದರೆ ಅದು ಇಂಥ ಕಾರ್ಡು. ಹೊಸದಿರಲಿ, ಸೆಕೆಂಡ್ ಹ್ಯಾಂಡ್ ಇರಲಿ, ಚೌಕಾಸಿಗೆ ಇಳಿಯುವ ಮೊದಲು ಆ ಅಂಚನ್ನು ಓದಿಕೊಳ್ಳಬೇಕು.